ಪಾಠ ಮುಗಿದ ಮೇಲಿನ ಪಾಠ

ಬಿ.ಎಡ್. ಓದುತ್ತಿರುವವರು ಇಂಟರ್ನ್‌ಷಿಪ್ಪಿಗೆಂದು ಶಾಲೆಗೆ ಹೊರಟಾಗ ಅವರ ಕೈಚೀಲದಲ್ಲಿ ಎರಡು ಬಗೆಯ ಪುಸ್ತಕಗಳಿರುತ್ತವೆ. ಒಂದು, ಪಾಠಕ್ಕೆ ಮೊದಲು ಬರೆಯುವ ಪಾಠ ಯೋಜನೆ. ಉದ್ದೇಶ, ಚಟುವಟಿಕೆ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ ಎಂದು ಅಂಕಣ ಎಳೆದು, ಉಪನ್ಯಾಸಕರ ಸಹಿ ಪಡೆದ ಈ ಪುಸ್ತಕಕ್ಕೆ ಸಲ್ಲುವ ಮರ್ಯಾದೆ ದೊಡ್ಡದು. ಇನ್ನೊಂದು, ಪಾಠ ಮುಗಿದ ಮೇಲೆ ಬರೆಯುವ ದಿನಚರಿ. ತರಗತಿಯಲ್ಲಿ ಏನಾಯಿತು, ಏಕೆ ಹಾಗಾಯಿತು, ನಾಳೆ ಏನು ಮಾಡಬೇಕು ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪುಸ್ತಕ ಅದು. ಅದಕ್ಕೆ ಸಿಗುವ ಗೌರವ ಮಾತ್ರ ಅಷ್ಟಕ್ಕಷ್ಟೆ. 'ಪಾಠ ಚೆನ್ನಾಗಿ ನಡೆಯಿತು. ಮಕ್ಕಳು ಆಸಕ್ತಿಯಿಂದ ಆಲಿಸಿದರು. ಸಮಯ ಸಾಲಲಿಲ್ಲ' ಎಂಬ ಮೂರು ವಾಕ್ಯಗಳು ಪುಟದಿಂದ ಪುಟಕ್ಕೆ ನಕಲಾಗುತ್ತ ಹೋಗುವುದು, ಸಹಿಯ ಹಿಂದಿನ ರಾತ್ರಿ ಇಡೀ ತಿಂಗಳ ದಿನಚರಿ ಒಮ್ಮೆಲೇ ತುಂಬಿಬಿಡುವುದು ಹೊಸ ಸಂಗತಿಯೇನಲ್ಲ.

ಗಣಿತದಲ್ಲಿ, ವ್ಯಾಕರಣದಲ್ಲಿ ಇದರಿಂದಾಗುವ ನಷ್ಟವನ್ನು ಹೇಗೋ ತುಂಬಿಕೊಳ್ಳಬಹುದು. ಭಿನ್ನರಾಶಿ ಇಂದು ತಲೆಗೆ ಹತ್ತದಿದ್ದರೆ ನಾಳೆ ಹತ್ತೀತು. ಆದರೆ ಇಂದಿನ ಶಿಕ್ಷಕರ ಹೆಗಲಿಗೆ ಬಂದಿರುವ ಒಂದು ಹೊಸ ಪಾಠದಲ್ಲಿ ಆ ಅನುಕೂಲವಿಲ್ಲ. ಅದು ಅಂತರ್ಜಾಲದಲ್ಲಿ ಸುರಕ್ಷಿತವಾಗಿರುವುದು ಹೇಗೆ ಎಂಬ ಪಾಠ. ಅದರ ಫಲಿತಾಂಶ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ. ಯಾವುದೋ ರಾತ್ರಿ, ಮನೆಮಂದಿ ಮಲಗಿದ ಮೇಲೆ, ಅಮ್ಮನ ಫೋನು ಹಿಡಿದು ಕುಳಿತ ಹದಿಮೂರರ ಮಗು ಏನು ಮಾಡುತ್ತದೆ, ಮರುದಿನ ಯಾರ ಬಳಿ ಹೋಗಿ ಬಾಯಿ ಬಿಡುತ್ತದೆ ಎಂಬುದರಲ್ಲಿ ಕಾಣುತ್ತದೆ. ಈ ಪಾಠವನ್ನು ಹೇಳಿಕೊಡಲು ಕಲಿಯುವವರಿಗೆ ಆ ಎರಡನೆಯ ಪುಸ್ತಕವೇ ಮೊದಲ ಪುಸ್ತಕವಾಗಬೇಕಾಗಿದೆ.

ಹಿಂದಿರುಗಿ ನೋಡುವ ವಿದ್ಯೆ

ಶಿಕ್ಷಕನಾದವನು ತಾನು ಮಾಡಿದ ಕೆಲಸವನ್ನು ತಾನೇ ಹಿಂದಿರುಗಿ ನೋಡಬೇಕು ಎಂಬುದು ಇಂದು ನಿನ್ನೆಯ ಮಾತಲ್ಲ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ ಪ್ರಕಟಿಸಿದ 'ಹೌ ವಿ ಥಿಂಕ್' ಎಂಬ ಪುಸ್ತಕದಲ್ಲಿ, ನಿಜವಾದ ಆಲೋಚನೆ ಹುಟ್ಟುವುದೇ ಒಂದು ಗೊಂದಲದಿಂದ ಎಂದು ವಾದಿಸಿದ. ಎಲ್ಲವೂ ಸರಾಗವಾಗಿ ನಡೆಯುವಾಗ ಮನುಷ್ಯ ಆಲೋಚಿಸುವುದಿಲ್ಲ, ಅಭ್ಯಾಸಬಲದಿಂದ ನಡೆಯುತ್ತಾನೆ. ಎಲ್ಲೋ ಕಾಲು ತೊಡರಿದಾಗ ನಿಂತು ನೋಡುತ್ತಾನೆ.

ಡೊನಾಲ್ಡ್ ಶಾನ್ 1983ರಲ್ಲಿ ಬರೆದ 'ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್' ಈ ಮಾತನ್ನು ಇನ್ನಷ್ಟು ಮುಂದೆ ಕೊಂಡೊಯ್ಯಿತು. ಕೆಲಸ ಮಾಡುತ್ತಿರುವಾಗಲೇ ಆಲೋಚಿಸುವುದು ಒಂದು, ಕೆಲಸ ಮುಗಿದ ಮೇಲೆ ಆ ಕೆಲಸದ ಬಗ್ಗೆ ಆಲೋಚಿಸುವುದು ಇನ್ನೊಂದು ಎಂದು ಆತ ಬಿಡಿಸಿ ತೋರಿಸಿದ. ವೃತ್ತಿಜೀವನದಲ್ಲಿ ಎತ್ತರದ ಗಟ್ಟಿ ನೆಲವೂ ಇದೆ, ತಗ್ಗಿನ ಜೌಗೂ ಇದೆ. ಪುಸ್ತಕದ ಸೂತ್ರಗಳು ನಡೆಯುವುದು ಗಟ್ಟಿ ನೆಲದಲ್ಲಿ, ಜನರಿಗೆ ನಿಜವಾಗಿ ಮುಖ್ಯವಾದ ಸಮಸ್ಯೆಗಳು ಇರುವುದು ಜೌಗಿನಲ್ಲಿ ಎಂಬುದು ಅವನ ಅಭಿಪ್ರಾಯ. ಗದ್ದೆಗೆ ಇಳಿದು ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಶಿಕ್ಷಕ ತರಬೇತಿಯಲ್ಲಿ ಬಹುಕಾಲ ಇನ್ನೊಂದು ಬಗೆಯ ನೋಟಕ್ಕೇ ಪ್ರಾಧಾನ್ಯವಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತ ಉಪನ್ಯಾಸಕರು 'ಧ್ವನಿಯ ಏರಿಳಿತ ಉತ್ತಮ, ಕಪ್ಪುಹಲಗೆ ಬಳಕೆ ಸಾಲದು' ಎಂದು ಬರೆದುಕೊಡುತ್ತಿದ್ದರು. ನೋಡುವವರು ಅವರು, ತಿದ್ದಿಕೊಳ್ಳುವವರು ಇವರು. 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಿಕ್ಷಕರು ತಮ್ಮ ಕೆಲಸವನ್ನು ತಾವೇ ಅವಲೋಕಿಸುವವರಾಗಬೇಕು ಎಂದು ಒತ್ತಿ ಹೇಳಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಎಡ್. ಎರಡು ವರ್ಷದ ಕೋರ್ಸಾಯಿತು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ, ಒಟ್ಟು 20 ವಾರ ಶಾಲೆಯಲ್ಲಿ ಕಳೆಯುವುದು ಕಡ್ಡಾಯವಾಯಿತು. ತನ್ನನ್ನು ತಾನು ಅರಿಯುವುದು, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಮರ್ಶೆಯ ಕಣ್ಣಿನಿಂದ ಅರಿಯುವುದು ಎಂಬ ವಿಷಯಗಳೂ ಪಠ್ಯದಲ್ಲಿ ಸೇರಿದವು. ಈ ಎರಡನ್ನೂ ಹೆಚ್ಚಿನ ಕಡೆ ಬೇರೆ ಬೇರೆ ಅವಧಿಗಳಲ್ಲಿ, ಬೇರೆ ಬೇರೆ ಉಪನ್ಯಾಸಕರು ಕಲಿಸುತ್ತಾರೆ. ಆದರೆ ಶಾಲೆಯ ತರಗತಿಗೆ ಕಾಲಿಟ್ಟಾಗ ಎರಡೂ ಒಂದೇ ಎಂಬುದು ಗೊತ್ತಾಗುತ್ತದೆ.

ಒಂದು ಪಾಠ, ಮೂರು ಟಿಪ್ಪಣಿ

ಉದಾಹರಣೆಗೆ ಒಬ್ಬ ಪ್ರಶಿಕ್ಷಣಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಈಕೆ ಇಂತಹ ಊರಿನ ಇಂತಹ ಕಾಲೇಜಿನವರೆಂದಲ್ಲ, ಯಾವ ಜಿಲ್ಲೆಯಲ್ಲಾದರೂ ಸಿಗುವಂಥವರು. ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿ. ನಲವತ್ತು ನಿಮಿಷದ ಅವಧಿ. ವಿಷಯ ಅಂತರ್ಜಾಲ ಸುರಕ್ಷತೆ. ಬಣ್ಣದ ಚಾರ್ಟಿನಲ್ಲಿ ಹತ್ತು 'ಬಾರದು'ಗಳು. ಅಪರಿಚಿತರೊಡನೆ ಮಾತಾಡಬಾರದು, ಫೋಟೊ ಕಳಿಸಬಾರದು, ಒಟಿಪಿ ಹೇಳಬಾರದು, ಸಿಕ್ಕ ಲಿಂಕು ಒತ್ತಬಾರದು ಇತ್ಯಾದಿ. ಮಧ್ಯದಲ್ಲಿ, ಪತ್ರಿಕೆಯಲ್ಲಿ ಬಂದ ಒಂದೆರಡು ಭಯಂಕರ ಸುದ್ದಿಗಳು. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಕೊನೆಗೆ 'ಅರ್ಥವಾಯಿತೇ?' ಎಂಬ ಪ್ರಶ್ನೆಗೆ 'ಆಯ್ತು ಮಿಸ್' ಎಂದು ಒಕ್ಕೊರಲ ಉತ್ತರ. ಹತ್ತೂ ನಿಯಮಗಳನ್ನು ನೋಡದೆ ಒಪ್ಪಿಸುವ ಹುಡುಗಿಗೆ ಚಪ್ಪಾಳೆ.

ಆ ಸಂಜೆಯ ದಿನಚರಿಯಲ್ಲಿ ಮೊದಲ ಟಿಪ್ಪಣಿ: 'ಪಾಠ ಯಶಸ್ವಿಯಾಯಿತು. ಮಕ್ಕಳು ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದರು.'

ಮರುದಿನ ಇದನ್ನು ಓದಿದ ಮಾರ್ಗದರ್ಶಿ ಶಿಕ್ಷಕಿ ಕೇಳುವುದು ಒಂದೇ ಪ್ರಶ್ನೆ. 'ಎಲ್ಲ ಪ್ರಶ್ನೆ ಅಂದ್ರೆ ನೀವು ಕೇಳಿದ್ದೇನಮ್ಮ? ಅವರು ಕೇಳಿದ್ದು ಏನೂ ಇರಲಿಲ್ವೆ?'

ಇತ್ತು. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, 'ಮಿಸ್, ಆಗಲೇ ಕಳಿಸಿಬಿಟ್ಟಿದ್ರೆ ಏನು ಮಾಡ್ಬೇಕು?' ಎಂದಿದ್ದ. ತರಗತಿ ಗೊಳ್ಳೆಂದು ನಕ್ಕಿತ್ತು. ಅವಧಿ ಮುಗಿಯಲು ಐದೇ ನಿಮಿಷವಿತ್ತು. 'ಅದಕ್ಕೇ ಅಲ್ವಾ ಹೇಳಿದ್ದು ಕಳಿಸಬಾರದು ಅಂತ? ಕೂತ್ಕೋ' ಎಂದು ಈಕೆ ಮುಂದಿನ ಅಂಶಕ್ಕೆ ಹೋಗಿದ್ದರು. ಆಗ ಅದು ತಪ್ಪೆನಿಸಿರಲಿಲ್ಲ. ತರಗತಿಯ ಶಿಸ್ತು ಕಾಪಾಡಿದಂತೆಯೇ ಅನಿಸಿತ್ತು. ಎರಡನೆಯ ಟಿಪ್ಪಣಿಯಲ್ಲಿ ಈ ಘಟನೆಯಷ್ಟೇ ಇದೆ. ಯಾರು ಏನೆಂದರು, ಯಾರು ನಕ್ಕರು, ಯಾರು ನಗಲಿಲ್ಲ. ನಗದೇ ತಲೆ ತಗ್ಗಿಸಿದ ಇಬ್ಬರ ಮುಖ ಬರೆಯುವಾಗ ನೆನಪಾಗುತ್ತದೆ.

ಮೂರನೆಯ ಟಿಪ್ಪಣಿ ಎರಡು ದಿನ ಬಿಟ್ಟು ಬರೆದದ್ದು. 'ಹತ್ತು ನಿಯಮಗಳೂ ತೊಂದರೆ ಬರುವ ಮೊದಲಿನವು. ಬಂದ ಮೇಲೆ ಏನು ಮಾಡಬೇಕೆಂದು ಒಂದೂ ಹೇಳಲಿಲ್ಲ. ನಿಯಮ ಮುರಿದವರು ತಪ್ಪಿತಸ್ಥರು ಎಂದು ಮಾತ್ರ ಹೇಳಿಕೊಟ್ಟೆ. ನಿಜವಾಗಿ ತೊಂದರೆಯಲ್ಲಿರುವ ಮಗು ಇನ್ನು ನನ್ನ ಬಳಿ ಬರುವುದಿಲ್ಲ.'

ಅವಲೋಕನವೆಂದರೆ ಇದು. ಮೊದಲ ಟಿಪ್ಪಣಿ ತೀರ್ಪು ಕೊಟ್ಟಿತು. ಎರಡನೆಯದು ನಡೆದದ್ದನ್ನು ನಡೆದ ಹಾಗೆ ದಾಖಲಿಸಿತು. ಮೂರನೆಯದು ಕಾರಣ ಹುಡುಕಿತು. ಗ್ರಹಾಂ ಗಿಬ್ಸ್ ಎಂಬ ಶಿಕ್ಷಣತಜ್ಞ 1988ರಲ್ಲಿ ರೂಪಿಸಿದ ಆರು ಮೆಟ್ಟಿಲುಗಳ ಚಕ್ರ ಅನೇಕ ಬಿ.ಎಡ್. ಕೈಪಿಡಿಗಳಲ್ಲಿದೆ: ನಡೆದದ್ದೇನು, ಆಗ ಅನಿಸಿದ್ದೇನು, ಒಳ್ಳೆಯದೇನು ಕೆಟ್ಟದ್ದೇನು, ಏಕೆ ಹಾಗಾಯಿತು, ಬೇರೇನು ಮಾಡಬಹುದಿತ್ತು, ಮುಂದೇನು ಮಾಡುವುದು. ಮೆಟ್ಟಿಲುಗಳನ್ನು ಬಾಯಿಪಾಠ ಮಾಡುವುದು ಸುಲಭ. ನಡೆದದ್ದನ್ನು ತನಗೆ ಅನುಕೂಲವಾಗುವಂತೆ ತಿರುಚದೆ ಬರೆಯುವ ಮೊದಲ ಮೆಟ್ಟಿಲೇ ಕಷ್ಟದ್ದು.

ಹೆದರಿಕೆ ಬಾಯಿ ಮುಚ್ಚಿಸುತ್ತದೆ

ಮಕ್ಕಳ ಅಂತರ್ಜಾಲದ ಅಪಾಯಗಳನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸೋನಿಯಾ ಲಿವಿಂಗ್‌ಸ್ಟೋನ್ ಮತ್ತು ಮರಿಯಾ ಸ್ಟೋಯಿಲೋವಾ 2021ರಲ್ಲಿ ನಾಲ್ಕು ಗುಂಪಾಗಿ ವಿಂಗಡಿಸಿದರು. ವಯಸ್ಸಿಗೆ ಸಲ್ಲದ್ದು ಕಣ್ಣಿಗೆ ಬೀಳುವುದು ಒಂದು. ಕೆಟ್ಟ ಉದ್ದೇಶದ ದೊಡ್ಡವರು ಸಂಪರ್ಕಕ್ಕೆ ಬರುವುದು ಎರಡು. ಮಕ್ಕಳು ಮಕ್ಕಳನ್ನೇ ಹೀಯಾಳಿಸುವುದು, ಪೀಡಿಸುವುದು ಮೂರು. ಆಟ, ಬಹುಮಾನ, ಉಚಿತ ಎಂಬ ಹೆಸರಿನಲ್ಲಿ ಮಾಹಿತಿಯನ್ನೂ ಹಣವನ್ನೂ ಕಸಿಯುವ ವ್ಯಾಪಾರದ ಬಲೆ ನಾಲ್ಕು. ಶಾಲೆಯ ಭಾಷಣಗಳಲ್ಲಿ ಸಾಮಾನ್ಯವಾಗಿ ಎರಡನೆಯದಕ್ಕೇ ಹೆಚ್ಚು ಜಾಗ. 'ಕಾಣದ ಅಪರಿಚಿತ'ನ ಬಗ್ಗೆ ಎಚ್ಚರಿಸಿ ಮುಗಿಸಿಬಿಡುತ್ತಾರೆ. ಮಗುವನ್ನು ಪೀಡಿಸುತ್ತಿರುವವನು ಅದೇ ಬೆಂಚಿನ ಸಹಪಾಠಿಯಾಗಿರಬಹುದು, ಪರಿಚಯದವನೇ ಆಗಿರಬಹುದು ಎಂಬುದು ಮರೆತುಹೋಗುತ್ತದೆ.

ಬೆದರಿಸಿ ಹಣ ಅಥವಾ ಚಿತ್ರ ಕೀಳುವವನ ಬಂಡವಾಳ ಒಂದೇ: ಮಗು ಯಾರಿಗೂ ಹೇಳುವುದಿಲ್ಲ ಎಂಬ ನಂಬಿಕೆ. 'ನಿಮ್ಮಪ್ಪನಿಗೆ ಗೊತ್ತಾದರೆ ಏನಾಗುತ್ತೆ ಗೊತ್ತಾ?' ಎಂಬುದೇ ಅವನ ಆಯುಧ. ಮೇಷ್ಟ್ರೂ ಅಪ್ಪನೂ ಅದೇ ಧಾಟಿಯಲ್ಲಿ ಹೆದರಿಸಿದ್ದರೆ ಆ ಆಯುಧಕ್ಕೆ ಸಾಣೆ ಹಿಡಿದುಕೊಟ್ಟಂತಾಗುತ್ತದೆ. ಹಳ್ಳಿಯ ಹುಡುಗಿಯ ಹೆದರಿಕೆ ಇನ್ನೂ ಒಂದು ಕೈ ಮೇಲೆ. ಬಾಯಿಬಿಟ್ಟರೆ ಫೋನು ಕಸಿದುಕೊಳ್ಳುವುದಷ್ಟೇ ಅಲ್ಲ, ಶಾಲೆಯನ್ನೇ ಬಿಡಿಸಿಯಾರು ಎಂಬ ಭಯ ಆಕೆಗೆ. ಇಂತಹ ಮಗುವಿಗೆ 'ಕಳಿಸಬಾರದಿತ್ತು' ಎಂದು ಹೇಳುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಿಯಮಗಳು ಬೇಡವೆಂದಲ್ಲ. ಒಟಿಪಿಯನ್ನು ಯಾರಿಗೂ ಹೇಳಬಾರದು ಎಂಬುದು ಪಕ್ಕಾ ನಿಯಮವೇ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ ಎಂಬುದನ್ನು ಮಕ್ಕಳು ಕಲಿತರೆ ಮನೆಯಲ್ಲಿ ಅಜ್ಜಿಗೂ ಹೇಳಿಕೊಡುತ್ತಾರೆ. ಆದರೆ ಗೆಳೆತನ, ಕುತೂಹಲ, ನಾಚಿಕೆ, ಮೆಚ್ಚಿಸುವ ಆಸೆ ಇವು ನಿಯಮದ ಅಂಕಣಕ್ಕೆ ಸಿಗುವುದಿಲ್ಲ. ಶಾನ್ ಹೇಳಿದ ಜೌಗು ಇದೇ.

ಕನ್ನಡಿ ತನ್ನತ್ತ ತಿರುಗಿದಾಗ

ಈ ಪಾಠಕ್ಕೆ ಇನ್ನೊಂದು ತೊಡಕಿದೆ. ನ್ಯೂಟನ್ನನ ನಿಯಮ ಕಲಿಸುವವರ ಖಾಸಗಿ ಬದುಕನ್ನು ಯಾರೂ ಪ್ರಶ್ನಿಸುವುದಿಲ್ಲ. ಅಂತರ್ಜಾಲ ಸುರಕ್ಷತೆ ಕಲಿಸುವವರ ಜೇಬಿನಲ್ಲೇ ಒಂದು ಫೋನು ಇರುತ್ತದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಇಂಟರ್ನ್‌ಷಿಪ್ಪಿನ ಮೊದಲ ವಾರವನ್ನೇ ನೋಡಿ. ವರದಿಗೆ ಫೋಟೊ ಬೇಕು. ಮಕ್ಕಳ ಗುಂಪಿನ ನಡುವೆ ನಿಂತು ತೆಗೆಸಿಕೊಂಡ ಚಿತ್ರ ಸಂಜೆಯೊಳಗೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರುತ್ತದೆ. ಹಿಂದಿನ ಗೋಡೆಯಲ್ಲಿ ಶಾಲೆಯ ಹೆಸರು, ಮುಂದೆ ಮಕ್ಕಳ ಮುಖ. ಕೆಲವೊಮ್ಮೆ ಕಪ್ಪುಹಲಗೆಯ ಮೂಲೆಯಲ್ಲಿ ದಿನಾಂಕ, ತರಗತಿ, ಹಾಜರಿ ಸಂಖ್ಯೆ. ಅಂಕಪಟ್ಟಿಯನ್ನೋ ಹಾಜರಿ ಪುಸ್ತಕವನ್ನೋ ಫೋಟೊ ತೆಗೆದು ಗೆಳತಿಯರ ಗುಂಪಿಗೆ ಹಾಕಿ 'ಇದನ್ನು ಹೇಗೆ ತುಂಬುವುದು?' ಎಂದು ಕೇಳುವುದೂ ಉಂಟು. ಅದರಲ್ಲಿ ಮಕ್ಕಳ ಜಾತಿ, ತಂದೆಯ ಫೋನ್ ಸಂಖ್ಯೆ, ಜನ್ಮದಿನಾಂಕ ಎಲ್ಲವೂ ಇರಬಹುದು. ಇದ್ಯಾವುದಕ್ಕೂ ಯಾರ ಒಪ್ಪಿಗೆಯನ್ನೂ ಕೇಳಿರುವುದಿಲ್ಲ. ಕೆಟ್ಟ ಉದ್ದೇಶ ಎಳ್ಳಷ್ಟೂ ಇಲ್ಲ. ಆದರೆ 'ಫೋಟೊ ಹಾಕಬಾರದು' ಎಂದು ಬೆಳಿಗ್ಗೆ ಹೇಳಿದವರೇ ಸಂಜೆ ಹಾಕಿದ್ದಾರೆ. ಮಕ್ಕಳು ಅದನ್ನು ನೋಡಿಯೂ ಇರುತ್ತಾರೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಮುಖ್ಯವಾಗಿಸಿದೆ. ಕಾನೂನಿನ ಮಾತು ಹಾಗಿರಲಿ, ತನ್ನ ಮಗುವಿನ ಚಿತ್ರ ಯಾರ ಯಾರ ಫೋನಿನಲ್ಲಿದೆ ಎಂದು ತಿಳಿಯುವ ಹಕ್ಕು ಕೂಲಿಗೆ ಹೋಗುವ ತಾಯಿಗೂ ಇದೆಯಲ್ಲವೆ?

ಬಂದ ಸಂದೇಶವನ್ನು ಹಾಗೆಯೇ ಮುಂದಕ್ಕೆ ತಳ್ಳುವುದು ಇನ್ನೊಂದು ಚಾಳಿ. ಇದರ ಬೆಲೆ ಏನೆಂದು ಕರ್ನಾಟಕಕ್ಕೆ ಗೊತ್ತಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್ಆ್ಯಪ್ ಮೂಲಕ ದೇಶದ ಹಲವೆಡೆ ಹರಡಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು. ಸಂದೇಶ ಊರಿಂದೂರಿಗೆ ಅವರ ಕಾರಿಗಿಂತ ಮೊದಲೇ ತಲುಪಿತು. ಮುರ್ಕಿ ಗ್ರಾಮದ ಬಳಿ ಗುಂಪಿನ ಹಲ್ಲೆಗೆ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅದೇ ತಿಂಗಳು ವಾಟ್ಸ್ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಲು ಮುಂದಾಯಿತು. ಅಂದು ಆ ಸಂದೇಶ ಕಳಿಸಿದವರಲ್ಲಿ ಹೆಚ್ಚಿನವರು ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ನಂಬಿದ್ದಿರಬಹುದು. ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಕಿಲ್ಲ.

ಆದ್ದರಿಂದ ದಿನಚರಿಯಲ್ಲಿ ಒಂದು ಪುಟ ತನ್ನ ಫೋನಿಗೂ ಮೀಸಲಿರಬೇಕು. ನನ್ನ ಸ್ಟೇಟಸ್ ಯಾರಿಗೆಲ್ಲ ಕಾಣುತ್ತಿದೆ? ವಾಟ್ಸ್ಆ್ಯಪ್ಪಿಗೆ ಆರಂಕಿಯ ಎರಡನೆಯ ಬೀಗ ಹಾಕಿದ್ದೇನೆಯೆ? ಯಾರು ಬೇಕಾದರೂ ನನ್ನನ್ನು ಗುಂಪಿಗೆ ಸೇರಿಸಬಹುದೆ? ವಿದ್ಯಾರ್ಥಿಗಳಿಗೆ ಸ್ವಂತ ಸಂಖ್ಯೆ ಕೊಟ್ಟು ರಾತ್ರಿ ಹತ್ತಕ್ಕೆ ಒಬ್ಬೊಬ್ಬರೊಡನೆ ಮಾತಾಡುತ್ತಿದ್ದೇನೆಯೆ, ಅಥವಾ ಶಾಲೆಗೆ ಗೊತ್ತಿರುವ ದಾರಿಯಲ್ಲೇ ಮಾತುಕತೆಯೆ? ಐದು ವರ್ಷದ ಹಿಂದೆ ಹಾಕಿದ್ದನ್ನು ಇಂದು ನನ್ನ ವಿದ್ಯಾರ್ಥಿ ಹುಡುಕಿ ಓದಿದರೆ ಹೇಗಿರುತ್ತದೆ? ಪ್ರಾಮಾಣಿಕವಾಗಿ ಉತ್ತರಿಸಿದವರಿಗೆ ಮಕ್ಕಳ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. ತಿಳಿದವರೇ ತಪ್ಪುವ ಕಡೆ ತಿಳಿಯದವರು ತಪ್ಪಿದರೆ ಆಶ್ಚರ್ಯವೇನು ಎಂಬ ಅರಿವು ಮೂಡುತ್ತದೆ. ಪಾಠದ ಧ್ವನಿ ಬದಲಾಗುವುದು ಅಲ್ಲಿಂದ.

ಮತ್ತೆ ಅದೇ ತರಗತಿಗೆ

ನಮ್ಮ ಪ್ರಶಿಕ್ಷಣಾರ್ಥಿ ಮುಂದಿನ ವಾರ ಅದೇ ಪಾಠವನ್ನು ಮತ್ತೊಮ್ಮೆ ಮಾಡಿದರೆನ್ನೋಣ. ಈ ಸಲ ಚಾರ್ಟಿಲ್ಲ. ಎರಡು ದಿನ ಮೊದಲೇ ತರಗತಿಯ ಮೂಲೆಯಲ್ಲಿ ಹಳೆಯ ಬೂಟಿನ ಡಬ್ಬಿಯೊಂದನ್ನು ಇಟ್ಟಿದ್ದಾರೆ. ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಬಹುದು. ಎಲ್ಲರೂ ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು 'ಪ್ರಶ್ನೆ ಇಲ್ಲ' ಎಂದಾದರೂ ಬರೆಯಬೇಕು. ಆಗ ಯಾರು ಹಾಕಿದರು ಎಂಬ ಗುಟ್ಟು ಉಳಿಯುತ್ತದೆ. ಅಣ್ಣ ನನ್ನ ಫೋನಿನ ಮೆಸೇಜೆಲ್ಲ ಓದುತ್ತಾನೆ, ಇದು ಸರಿಯೆ? ಗುಂಪಿನಲ್ಲಿ ನನ್ನ ಫೋಟೊಕ್ಕೆ ಕತ್ತೆಯ ತಲೆ ಅಂಟಿಸಿದ್ದಾರೆ, ಏನು ಮಾಡಲಿ? ಆಟದಲ್ಲಿ ಡೈಮಂಡ್ ಕೊಡುತ್ತೇನೆಂದು ಒಬ್ಬ ಅಪ್ಪನ ನಂಬರು ಕೇಳಿದ. ಬರುವುದು ಇಂತಹ ಚೀಟಿಗಳು. ಹತ್ತು ನಿಯಮಗಳಲ್ಲಿ ಒಂದೂ ಇವುಗಳಿಗೆ ಉತ್ತರವಾಗುವುದಿಲ್ಲ.

ಪಾಠ ಈ ಚೀಟಿಗಳಿಂದಲೇ ಶುರುವಾಗುತ್ತದೆ. ನಾಲ್ಕು ನಾಲ್ಕು ಮಂದಿಯ ಗುಂಪು; ಪ್ರತಿ ಗುಂಪಿಗೆ ಒಂದು ಸನ್ನಿವೇಶ. ಕತ್ತೆಯ ತಲೆ ಅಂಟಿಸಿದವನ ಪಾತ್ರ ಒಬ್ಬನದು, ಅಂಟಿಸಿಕೊಂಡವನದು ಇನ್ನೊಬ್ಬನದು, ನೋಡಿ ನಕ್ಕವರು ಇಬ್ಬರು. ನಂತರ ಪಾತ್ರ ಅದಲುಬದಲು. ನಕ್ಕವರಿಗೂ ಪಾಲಿದೆ ಎಂಬುದನ್ನು ಮಿಸ್ ಹೇಳಬೇಕಾಗಿ ಬರುವುದಿಲ್ಲ. ಕೊನೆಗೆ ಪ್ರತಿ ಮಗುವೂ ತನ್ನ ಅಂಗೈಯ ಚಿತ್ರ ಬರೆದು ಐದು ಬೆರಳುಗಳಲ್ಲಿ, ತೊಂದರೆಯಾದರೆ ಹೇಳಬಹುದಾದ ಐವರ ಹೆಸರು ತುಂಬುತ್ತದೆ. ಅದನ್ನು ಯಾರಿಗೂ ತೋರಿಸಬೇಕಿಲ್ಲ. ಎರಡೇ ಬೆರಳು ತುಂಬಿಸಿ ಪೆನ್ನು ಕಚ್ಚುತ್ತ ಕುಳಿತ ಮಗುವೂ ಇರುತ್ತದೆ. ಕೆಳಗೆ 1098 ಎಂಬ ಸಂಖ್ಯೆಯನ್ನು ಎಲ್ಲರೂ ಬರೆದುಕೊಳ್ಳುತ್ತಾರೆ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಗದ್ದಲವಾಯಿತು; ಪಕ್ಕದ ಕೋಣೆಯಿಂದ ದೂರು ಬಂತು; ಎರಡು ಚೀಟಿಗಳಿಗೆ ಉತ್ತರ ತಿಳಿಯಲಿಲ್ಲ. ಇವೂ ದಿನಚರಿಯಲ್ಲಿ ದಾಖಲಾಗಬೇಕಾದ ಸಂಗತಿಗಳೇ. ಸ್ಟೀಫನ್ ಬ್ರೂಕ್‌ಫೀಲ್ಡ್ ಎಂಬ ವಿದ್ವಾಂಸ 1995ರಲ್ಲಿ, ಶಿಕ್ಷಕರು ತಮ್ಮ ಕೆಲಸವನ್ನು ನಾಲ್ಕು ಕನ್ನಡಕಗಳಿಂದ ನೋಡಬೇಕೆಂದು ಸೂಚಿಸಿದ: ತನ್ನ ಸ್ವಂತ ಅನುಭವ, ವಿದ್ಯಾರ್ಥಿಗಳ ಕಣ್ಣು, ಸಹೋದ್ಯೋಗಿಗಳ ಕಣ್ಣು, ಓದಿದ ಸಿದ್ಧಾಂತ. ಬೂಟಿನ ಡಬ್ಬಿ ಎರಡನೆಯ ಕನ್ನಡಕ. ಮಾರ್ಗದರ್ಶಿ ಶಿಕ್ಷಕಿಯ ಪ್ರಶ್ನೆ ಮೂರನೆಯದು.

ಮಗು ಬಂದು ಹೇಳಿದರೆ

ಇಂತಹ ಪಾಠ ಫಲ ಕೊಟ್ಟರೆ ಒಂದು ದಿನ ಒಂದು ಮಗು ಬಂದೇ ಬರುತ್ತದೆ. ಅದಕ್ಕೆ ಸಿದ್ಧರಿಲ್ಲದಿದ್ದರೆ ಬಾಗಿಲು ತೆರೆದು ಓಡಿಹೋದಂತೆ. ಪ್ರಶಿಕ್ಷಣಾರ್ಥಿ ಚಿಕ್ಕ ವಯಸ್ಸಿನವರು, ಶಾಲೆಗೆ ಹೊಸಬರು. ಮಕ್ಕಳು ಹಳೆಯ ಶಿಕ್ಷಕರಿಗಿಂತ ಮೊದಲು ಅವರ ಬಳಿ ಬಾಯಿ ಬಿಡುವುದುಂಟು.

ಆಗ ಮಾಡಬೇಕಾದ ಮೊದಲ ಕೆಲಸ, ಕೇಳಿಸಿಕೊಳ್ಳುವುದು. 'ಏಕೆ ಹೀಗೆ ಮಾಡಿದೆ?' ಎನ್ನುವ ಬದಲು 'ಹೇಳಿದ್ದು ಒಳ್ಳೆಯದಾಯಿತು' ಎಂಬ ಒಂದು ಮಾತು. ಎರಡನೆಯದು, 'ಯಾರಿಗೂ ಹೇಳುವುದಿಲ್ಲ' ಎಂದು ಭಾಷೆ ಕೊಡದಿರುವುದು. ಆ ಭಾಷೆಯನ್ನು ಉಳಿಸಿಕೊಳ್ಳಲು ಕಾನೂನೇ ಬಿಡುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ, ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ಹುಡುಗ, ಹುಡುಗಿ ಎಂಬ ಭೇದ ಈ ಕಾಯಿದೆಯಲ್ಲಿಲ್ಲ. 'ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ' ಎಂಬುದು ಕೊಡಬಹುದಾದ ಭರವಸೆ.

ಮೂರನೆಯದು, ಸಾಕ್ಷ್ಯವನ್ನು ಅಳಿಸದಿರುವುದು. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡು ಎನ್ನುವುದು ಸಹಜ. ಆದರೆ ಬೆದರಿಕೆಯ ಸಂದೇಶ, ಸಂಖ್ಯೆ, ಖಾತೆಯ ಹೆಸರು ತನಿಖೆಗೆ ಬೇಕು. ಹಾಗೆಂದು ಮಗುವಿನ ಅಶ್ಲೀಲ ಚಿತ್ರವಿದ್ದರೆ ಅದನ್ನು ತನ್ನ ಫೋನಿಗೆ ಕಳಿಸಿಕೊಳ್ಳುವುದಾಗಲಿ, ಮುಖ್ಯೋಪಾಧ್ಯಾಯರಿಗೆ ತೋರಿಸಲೆಂದು ರವಾನಿಸುವುದಾಗಲಿ ಸಲ್ಲದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಸೆಕ್ಷನ್ ಅಂತಹ ಚಿತ್ರಗಳ ರವಾನೆಯನ್ನೇ ಅಪರಾಧವೆನ್ನುತ್ತದೆ. ಫೋನು ಇದ್ದ ಹಾಗೆಯೇ ಇರಲಿ. ವಿಷಯ ಬಾಯಿಮಾತಿನಲ್ಲಿ ಮುಖ್ಯೋಪಾಧ್ಯಾಯರಿಗೂ ಮಾರ್ಗದರ್ಶಿ ಶಿಕ್ಷಕರಿಗೂ ಅಂದೇ ತಲುಪಲಿ.

ಸಹಾಯದ ದಾರಿಗಳು ಕಡಿಮೆಯೇನಿಲ್ಲ. 1098 ಮಕ್ಕಳ ಸಹಾಯವಾಣಿ. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ದೂರು ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಅಪರಾಧಗಳಿಗೆ ಪ್ರತ್ಯೇಕ ವಿಭಾಗವಿದ್ದು, ಹೆಸರು ಹೇಳದೆಯೂ ದೂರು ಕೊಡಬಹುದು. ಬೆತ್ತಲೆ ಚಿತ್ರ ಹರಡುವ ಭಯವಿದ್ದರೆ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಆರಂಭಿಸಿದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಬೇರೆ ದೇಶದವರಿಗೂ ಲಭ್ಯ. ಅಲ್ಲಿ ಚಿತ್ರವನ್ನು ಕಳಿಸಬೇಕಾಗಿಲ್ಲ. ಅದರಿಂದ ಹುಟ್ಟುವ ಒಂದು ಅಂಕಿಗುರುತು ಮಾತ್ರ ಹೋಗುತ್ತದೆ. ಸೇವೆಯಲ್ಲಿ ಸೇರಿರುವ ಜಾಲತಾಣಗಳು ಆ ಗುರುತಿನ ಚಿತ್ರವನ್ನು ಪತ್ತೆಹಚ್ಚಿ ತೆಗೆಯುತ್ತವೆ. ಅಂದು ಹಿಂದಿನ ಸಾಲಿನ ಹುಡುಗ ಕೇಳಿದ ಪ್ರಶ್ನೆಗೆ ಉತ್ತರಗಳು ಇವು. ಅಂದರೆ ಉತ್ತರ ಇತ್ತು. ಕೊಡುವವರಿಗೆ ತಿಳಿದಿರಲಿಲ್ಲ, ಅಷ್ಟೆ.

ಅಂಕದ ಮುಂದೆ ಪ್ರಾಮಾಣಿಕತೆ

ದಿನಚರಿಗೂ ಅಂಕಗಳಿವೆ ಎಂಬುದೇ ಅದರ ದೊಡ್ಡ ಶತ್ರು. 'ನಾನು ಆ ಹುಡುಗನನ್ನು ಗದರಿಸಿ ಕೂರಿಸಿದೆ' ಎಂದು ಬರೆದರೆ ಅಂಕ ಕಡಿಮೆಯಾದೀತೆಂಬ ಭಯ ಪ್ರಶಿಕ್ಷಣಾರ್ಥಿಗೆ. ಹೀಗೆ ಮಕ್ಕಳು ಶಿಕ್ಷಕರಿಗೆ ಹೆದರಿ ತಪ್ಪು ಮುಚ್ಚಿಡುವಂತೆಯೇ, ಶಿಕ್ಷಕರಾಗಲಿರುವವರು ಉಪನ್ಯಾಸಕರಿಗೆ ಹೆದರಿ ತಪ್ಪು ಮುಚ್ಚಿಡುತ್ತಾರೆ. ತಾನು ಹೆದರಿಕೆಯಲ್ಲಿ ಕಲಿತವನು ಹೆದರಿಸಿಯೇ ಕಲಿಸುತ್ತಾನೆ. ತಪ್ಪನ್ನು ಒಪ್ಪಿಕೊಂಡು ಕಾರಣ ಹುಡುಕಿದ ಪುಟಕ್ಕೆ ಹೆಚ್ಚು ಅಂಕ ಕೊಡುವ ಉಪನ್ಯಾಸಕರು ಒಬ್ಬರಿದ್ದರೂ ಕಾಲೇಜಿನ ಗಾಳಿ ಬದಲಾದೀತು. ಈಗಂತೂ ಕೇಳಿದರೆ ಯಂತ್ರವೇ ಸೊಗಸಾದ 'ಅವಲೋಕನ' ಬರೆದುಕೊಡುತ್ತದೆ. ಆದರೆ ತರಗತಿಯಲ್ಲಿ ಯಾರು ನಗಲಿಲ್ಲ ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ದಿನಚರಿಯೂ ಒಂದು ದಾಖಲೆ. ಅದು ಕಾಲೇಜಿನ ಮೇಜಿನ ಮೇಲೆ ಬಿದ್ದಿರುತ್ತದೆ, ಕೆಲವೊಮ್ಮೆ ಟೈಪಾಗಿ ಅಂತರ್ಜಾಲದಲ್ಲಿ ಹಂಚಿಕೆಯಾಗುತ್ತದೆ. ಅದರಲ್ಲಿ ಮಗುವಿನ ಹೆಸರು, ಊರು, ಮನೆಯ ಕಷ್ಟ ಬರೆಯುವುದು ಬೇಡ. 'ಒಬ್ಬ ವಿದ್ಯಾರ್ಥಿ' ಎಂದರೆ ಸಾಕು. ಸುರಕ್ಷತೆಯ ಬಗ್ಗೆ ಬರೆದ ಪುಟವೇ ಮಗುವಿನ ಗುಟ್ಟು ಬಯಲು ಮಾಡಿದರೆ ಅದಕ್ಕಿಂತ ವಿಪರ್ಯಾಸ ಇನ್ನೇನಿದೆ?

ನೋಡಿದರೆ, ಮಗುವಿಗೂ ಶಿಕ್ಷಕರಿಗೂ ಬೇಕಾದ ವಿದ್ಯೆ ಒಂದೇ. ಕಳಿಸುವ ಗುಂಡಿ ಒತ್ತುವ ಮೊದಲು ಮಗು ಒಂದು ಗಳಿಗೆ ನಿಲ್ಲಬೇಕು: ಇದು ಯಾರಿಗೆ ಹೋಗುತ್ತದೆ, ಆಮೇಲೆ ಏನಾಗುತ್ತದೆ? ಅಡ್ಡ ಪ್ರಶ್ನೆ ಕೇಳಿದ ಹುಡುಗನನ್ನು ಕೂರಿಸುವ ಮೊದಲು ಶಿಕ್ಷಕರೂ ಒಂದು ಗಳಿಗೆ ನಿಲ್ಲಬೇಕು: ಇವನು ಇದನ್ನೇಕೆ ಕೇಳುತ್ತಿದ್ದಾನೆ? ನಿಲ್ಲುವುದನ್ನು ಉಪದೇಶದಿಂದ ಕಲಿಸಲಾಗುವುದಿಲ್ಲ. ನಿಂತು ನೋಡುವವರನ್ನು ಕಂಡೇ ಮಕ್ಕಳು ಕಲಿಯಬೇಕು. ಬೇಸಗೆಯ ಹೊತ್ತಿಗೆ ಪ್ರಶಿಕ್ಷಣಾರ್ಥಿಗಳು ಶಾಲೆ ಬಿಟ್ಟು ಪರೀಕ್ಷೆಗೆ ಹೊರಡುತ್ತಾರೆ, ಚಾರ್ಟುಗಳು ಅಟ್ಟ ಸೇರುತ್ತವೆ. ಆ ಹೊತ್ತಿಗೆ ಒಂದೇ ಒಂದು ಮಗು, 'ಏನಾದ್ರೂ ಆದ್ರೆ ಮಿಸ್‌ಗೆ ಹೇಳಬಹುದು' ಎಂದು ನಂಬಿದ್ದರೆ ಇಪ್ಪತ್ತು ವಾರಗಳ ತರಬೇತಿ ಸಾರ್ಥಕ.